ಮಾನವಶಾಸ್ತ್ರ ಓದಿದರೆ ಮುಂದೆ ಕೆಲಸ ಸಿಗುತ್ತದೆಯೇ?

ಸಿಗುತ್ತದೆ. ಆದರೆ 'ಮಾನವಶಾಸ್ತ್ರಜ್ಞರು ಬೇಕಾಗಿದ್ದಾರೆ' ಎಂಬ ಜಾಹೀರಾತು ಅಪರೂಪ, ಹೆಚ್ಚಿನ ಕೆಲಸಗಳು ಬೇರೆ ಹೆಸರಿನಲ್ಲಿ ಬರುತ್ತವೆ.

ಮಾನವಶಾಸ್ತ್ರ ಅಂದರೆ ಮನುಷ್ಯರ ಬದುಕು, ಸಂಸ್ಕೃತಿ, ದೇಹ ಇವುಗಳ ಅಧ್ಯಯನ. ಈ ಓದಿನ ಜೀವಾಳ ಕ್ಷೇತ್ರಕಾರ್ಯ. ಅಂದರೆ ಒಂದು ಊರಲ್ಲೋ ಬುಡಕಟ್ಟು ಜನರ ಹಾಡಿಯಲ್ಲೋ ತಿಂಗಳುಗಟ್ಟಲೆ ಉಳಿದು, ಜನ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು ಕಂಡು ಬರೆದುಕೊಳ್ಳುವುದು. 'ಎಲ್ಲರೂ ಒಟ್ಟಿಗೆ ಉಣ್ಣುತ್ತೀರಾ?' ಎಂದು ಕೇಳಿದರೆ ಎಷ್ಟೋ ಮನೆಗಳಲ್ಲಿ 'ಹೂಂ' ಎನ್ನುತ್ತಾರೆ. ಅದೇ ಅಡುಗೆಮನೆಯ ಮೂಲೆಯಲ್ಲಿ ನಾಲ್ಕು ದಿನ ಕೂತವರಿಗೆ, ಎಲ್ಲರದೂ ಮುಗಿದ ಮೇಲೆ ಸೊಸೆ ತಳದ ಸಾರಿನಲ್ಲಿ ಅರ್ಧ ಮುದ್ದೆ ಉಣ್ಣುವುದು ಕಾಣುತ್ತದೆ. ರಕ್ತಹೀನತೆ ತಡೆಯುವ ಯೋಜನೆ ಮಾಡುವವರಿಗೆ ಬೇಕಾದದ್ದು ಈ ಎರಡನೆಯ ಉತ್ತರ. ಆರೋಗ್ಯ, ಬುಡಕಟ್ಟು ಅಭಿವೃದ್ಧಿ, ಪುನರ್ವಸತಿಯ ಸಂಸ್ಥೆಗಳು ಇಂಥವರನ್ನು ಹುಡುಕುವುದು ಇದಕ್ಕೇ. ಜನ ಆ್ಯಪ್ ಹೇಗೆ ಬಳಸುತ್ತಾರೆಂದು ತಿಳಿಯಬೇಕಾದ ಕಂಪನಿಗಳೂ ತೆಗೆದುಕೊಳ್ಳುತ್ತವೆ.

ಸರ್ಕಾರಿ ಕಡೆ ಮುಖ್ಯವಾದದ್ದು 1945ರಲ್ಲಿ ಶುರುವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ. ಕೇಂದ್ರ ಕಚೇರಿ ಕೋಲ್ಕತ್ತದಲ್ಲಿ, ದಕ್ಷಿಣದ ಕೇಂದ್ರ ನಮ್ಮ ಮೈಸೂರಿನಲ್ಲೇ ಇದೆ. ಹುದ್ದೆಗಳು ಕಡಿಮೆ, ಅದು ಗೊತ್ತಿರಲಿ. ಮ್ಯೂಸಿಯಂ, ಬೋಧನೆಯೂ ಉಂಟು. ಮನುಷ್ಯನ ದೇಹವನ್ನು ಅಧ್ಯಯನ ಮಾಡುವ ಶಾಖೆಯಾದ ದೈಹಿಕ ಮಾನವಶಾಸ್ತ್ರ ಹಿಡಿದವರು ಮೂಳೆ ನೋಡಿ ವಯಸ್ಸು, ಲಿಂಗ ಅಂದಾಜಿಸುವುದನ್ನು ಕಲಿಯುತ್ತಾರೆ. ಅಪರಾಧ ತನಿಖೆಗೆ ಅದು ಬೇಕು.

ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮಾನವಶಾಸ್ತ್ರ 500 ಅಂಕಗಳ ಐಚ್ಛಿಕ ವಿಷಯ. ಆದರೆ ಅದಕ್ಕೆ ಈ ಪದವಿಯೇ ಬೇಕೆಂದಿಲ್ಲ, ಹಾಗಾಗಿ ಪರೀಕ್ಷೆಗೋಸ್ಕರ ಮಾತ್ರ ಸೇರಬೇಡಿ. ಜನರ ನಡುವೆ ಕೂತು ಕೇಳಿಸಿಕೊಳ್ಳುವುದು ನಿಮಗೆ ಇಷ್ಟವಿದ್ದರೆ ಮೈಸೂರು ಅಥವಾ ಧಾರವಾಡದ ವಿಶ್ವವಿದ್ಯಾಲಯದ ವಿಭಾಗಕ್ಕೆ ಒಮ್ಮೆ ಹೋಗಿ ವಿಚಾರಿಸಿ.