ಮೂರು ಕಡೆ ಸೀಟು ಸಿಗಲಿಲ್ಲ, ಎಂಎಸ್‌ಡಬ್ಲ್ಯು ಆಸೆ ಬಿಡಲೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ಊರು ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ವಯಸ್ಸು 24. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಓದಿ ಶೇ 56 ಅಂಕ ಪಡೆದು ಬಿ.ಎ. ಮುಗಿಸಿದ್ದೇನೆ. ಎರಡು ವರ್ಷಗಳಿಂದ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೀಟಿಗಾಗಿ ಅಲೆಯುತ್ತಿದ್ದೇನೆ. ಮೊದಲ ವರ್ಷ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದುದು ಗಮನಕ್ಕೆ ಬರಲಿಲ್ಲ. ಪ್ರವರ್ಗ 2ಎ ಬದಲು ಸಾಮಾನ್ಯ ಪಟ್ಟಿಯಲ್ಲಿ ಹೆಸರು ಬಂದು ಸೀಟು ತಪ್ಪಿತು. ಮರುವರ್ಷ ಸ್ನಾತಕೋತ್ತರ ಓದಿನ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಸಿಯುಇಟಿ-ಪಿಜಿ ಬರೆದೆ. ಇಂಗ್ಲಿಷ್ ಪ್ರಶ್ನೆಗಳನ್ನು ಓದಿ ಅರ್ಥ ಮಾಡಿಕೊಳ್ಳುವುದರಲ್ಲೇ ಸಮಯ ಮುಗಿಯಿತು. ಅದೇ ವರ್ಷ ಒಂದು ಖಾಸಗಿ ಕಾಲೇಜಿನ ಸಂದರ್ಶನಕ್ಕೆ ಹೋಗಿದ್ದೆ. ‘ಸಮಾಜಕಾರ್ಯವನ್ನೇ ಏಕೆ ಓದಬೇಕು?’ ಎಂದು ಕೇಳಿದರು. ‘ಚಿಕ್ಕಂದಿನಿಂದಲೂ ಬಡವರ ಸೇವೆ ಮಾಡುವ ಆಸೆ’ ಎಂದೆ. ಮುಂದೆ ಮಾತು ಹೊರಡಲಿಲ್ಲ. ಅಲ್ಲಿಯೂ ಆಯ್ಕೆಯಾಗಲಿಲ್ಲ. ಅಪ್ಪನ ಒಂದು ಎಕರೆ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ತಗುಲಿದೆ. ಮನೆಯವರು ಬಿ.ಎಡ್. ಮಾಡು, ಇಲ್ಲವೇ ಮದುವೆಗೆ ಒಪ್ಪು ಎನ್ನುತ್ತಿದ್ದಾರೆ. ಸದ್ಯಕ್ಕೆ ಮನೆಯಲ್ಲೇ ಇದ್ದೇನೆ. ಚಿಕ್ಕಮ್ಮ ಆಶಾ ಕಾರ್ಯಕರ್ತೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲದಲ್ಲಿ ಅವರ ಜೊತೆ ಮನೆಮನೆಗೆ ಹೋಗುತ್ತೇನೆ. ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಕೊಡುವ ಎಣ್ಣೆಯನ್ನು ಜನ ಗೂಡಿನಲ್ಲಿಟ್ಟು ಮರೆಯುತ್ತಾರೆ. ಅದಕ್ಕೇ ನಾವಿಬ್ಬರೂ ಬೆಳಿಗ್ಗೆ ದರಗು (ಒಣಗಿದ ಎಲೆ) ತರಲು ಹೊರಡುವ ಹೆಂಗಸರ ಜೊತೆ ಕಾಡಿನ ಅಂಚಿನವರೆಗೆ ಹೋಗಿ ಅಲ್ಲೇ ಹಚ್ಚಿಸುತ್ತೇವೆ. ವೃದ್ಧಾಪ್ಯ ವೇತನದ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಇದೆಲ್ಲ ಅನುಭವ ಎಂದು ಲೆಕ್ಕಕ್ಕೆ ಬರುವುದಿಲ್ಲ ಅಲ್ಲವೇ? ಆಸೆ ಬಿಡಲೇ?

ಉತ್ತರ: ಬಿಡಬೇಡಿ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಂದರ್ಶನದಲ್ಲಿ ನೀವು ಹೇಳಬೇಕಾಗಿದ್ದ ಉತ್ತರವನ್ನು ಇಲ್ಲಿ ಪತ್ರದ ಕೊನೆಯಲ್ಲಿ, ಅದೂ ಸಂಕೋಚದಿಂದ, ಬರೆದಿದ್ದೀರಿ. ದರಗು ತರುವ ಹೆಂಗಸರ ಜೊತೆ ಕಾಡಿನಂಚಿಗೆ ಹೋಗುವ ಆ ಒಂದು ವಾಕ್ಯ ನಿಮ್ಮ ಉಳಿದೆಲ್ಲ ಮಾತುಗಳಿಗಿಂತ ತೂಕದ್ದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಮೂರು ಸೋಲುಗಳನ್ನು ಒಂದೇ ಗಂಟು ಕಟ್ಟಿ ತಲೆಯ ಮೇಲೆ ಹೊರುವುದನ್ನು ನಿಲ್ಲಿಸಿ. ‘ಮೂರು ಕಡೆ ನನ್ನನ್ನು ಬೇಡವೆಂದರು’ ಎಂದು ನೀವು ತಿಳಿದಿದ್ದೀರಿ. ಮೊದಲನೆಯ ಕಡೆ ನಿಮ್ಮನ್ನು ಯಾರೂ ನೋಡಿಯೇ ಇಲ್ಲ, ನೋಡಿದ್ದು ಒಂದು ಪ್ರಮಾಣಪತ್ರವನ್ನು. ಎರಡನೆಯ ಕಡೆ ಅಳೆದದ್ದು ನೀವು ಇಂಗ್ಲಿಷನ್ನು ಎಷ್ಟು ವೇಗವಾಗಿ ಓದಬಲ್ಲಿರಿ ಎಂಬುದನ್ನು. ಮೂರನೆಯ ಕಡೆ ಮಾತ್ರ ನಿಮ್ಮನ್ನೇ ಕೇಳಿದರು, ಆಗ ಉತ್ತರ ಸಾಲಲಿಲ್ಲ. ಕಾರಣ ಬೇರೆ ಬೇರೆಯಾದಾಗ ಮದ್ದೂ ಬೇರೆ ಬೇರೆ.

ಪ್ರಮಾಣಪತ್ರದ ಕೆಲಸ ಸುಲಭದ್ದು, ಆದ್ದರಿಂದಲೇ ಎಲ್ಲರೂ ಅದನ್ನು ಕೊನೆಯ ದಿನಕ್ಕೆ ಬಿಡುತ್ತಾರೆ. 2ಎ ವರ್ಗದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಐದು ವರ್ಷದವರೆಗೆ ಮಾತ್ರ ನಡೆಯುತ್ತದೆ. ಪಿಯುಸಿ ಸೇರುವಾಗ ಮಾಡಿಸಿದ್ದು ಬಿ.ಎ. ಮುಗಿಯುವ ಹೊತ್ತಿಗೆ ಸತ್ತಿರುತ್ತದೆ. ಪ್ರಕಟಣೆಗೆ ಕಾಯದೆ ಈ ತಿಂಗಳೇ ನಾಡಕಚೇರಿಯಲ್ಲಿ ಹೊಸದನ್ನು ಮಾಡಿಸಿ. ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸೀಟು ಹಂಚಿಕೆ ಬಹುಮಟ್ಟಿಗೆ ಅಂಕ ಮತ್ತು ಮೀಸಲಾತಿಯ ಲೆಕ್ಕದಲ್ಲಿ ನಡೆಯುತ್ತದೆ. ಅಲ್ಲಿ ನಿಮ್ಮ ಮನಸ್ಸು ಎಷ್ಟೇ ದೊಡ್ಡದಾಗಿದ್ದರೂ ಅದನ್ನು ತೋರಿಸಲು ಅರ್ಜಿಯಲ್ಲಿ ಕಾಲಂ ಇಲ್ಲ. ಕಾಗದ ಸರಿಯಾಗಿದ್ದರೆ ನಿಮ್ಮ ಶೇ 56 ನಿರಾಶೆಪಡುವಂಥ ಅಂಕವಲ್ಲ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಿಮಗೆ ಹತ್ತಿರದ್ದು. 1987ರಲ್ಲಿ ಅದು ಹುಟ್ಟಿದ್ದೇ ಮಲೆನಾಡಿನ ಮಕ್ಕಳು ಮೈಸೂರಿಗೆ, ಧಾರವಾಡಕ್ಕೆ ಅಲೆಯದಿರಲಿ ಎಂದು. ಅದೊಂದನ್ನೇ ನಂಬಿ ಕೂರಬೇಡಿ, ಮೈಸೂರು, ಧಾರವಾಡಗಳಿಗೂ ಅರ್ಜಿ ಹಾಕಿ. ಘಟ್ಟದ ಕೆಳಗೆ ಮಂಗಳೂರಿನಲ್ಲಿ 1960ರಿಂದ ರೋಶನಿ ನಿಲಯ ಇದೆ, ಸಮಾಜಕಾರ್ಯ ಕಲಿಸುವ ರಾಜ್ಯದ ಹಳೆಯ ಸಂಸ್ಥೆಗಳಲ್ಲಿ ಅದೂ ಒಂದು. ಪದವಿ ಫಲಿತಾಂಶ ಬಂದ ಮೇಲೆ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ದಿನ ಪ್ರಕಟಣೆ ಹೊರಡಿಸುತ್ತದೆ. ವಾರಕ್ಕೊಮ್ಮೆ ಅವುಗಳ ಜಾಲತಾಣ ನೋಡುವ ಅಭ್ಯಾಸ ಇರಲಿ.

ಇಂಗ್ಲಿಷಿನ ವಿಷಯ. ಸಿಯುಇಟಿ-ಪಿಜಿಯಲ್ಲಿ ಸಮಾಜಕಾರ್ಯದ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ, ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಹಳ್ಳಿಯ ಜನರೊಡನೆ ಅವರ ಭಾಷೆಯಲ್ಲಿ ಮಾಡಬೇಕಾದ ಕೆಲಸಕ್ಕೆ ಆ ಭಾಷೆ ಬಲ್ಲವರೇ ಬಾಗಿಲಲ್ಲಿ ನಿಲ್ಲಬೇಕಾಗಿದೆ. ಆದರೂ ಮುಂಬೈನ ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆಯ ದಾರಿ ಆ ಪರೀಕ್ಷೆಯ ಮೂಲಕವೇ ಹೋಗುತ್ತದೆ. 1936ರಲ್ಲಿ ನಮ್ಮ ದೇಶದಲ್ಲಿ ಸಮಾಜಕಾರ್ಯದ ಶಿಕ್ಷಣ ಶುರುವಾದದ್ದು ಅಲ್ಲಿಂದಲೇ. ಅಲ್ಲಿಗೆ ಹೋಗುವ ಮನಸ್ಸಿದ್ದರೆ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟವನ್ನು ಗಡಿಯಾರ ಇಟ್ಟುಕೊಂಡು ಓದಿ. ಪರೀಕ್ಷೆ ಕೆಲವು ವರ್ಷಗಳಿಂದ ಮಾರ್ಚ್ ಆಸುಪಾಸಿನಲ್ಲಿ ನಡೆಯುತ್ತಿದೆ, ಅರ್ಜಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಆ ಮನಸ್ಸಿಲ್ಲದಿದ್ದರೆ ಆ ಪರೀಕ್ಷೆಯನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಂಎಸ್‌ಡಬ್ಲ್ಯುವನ್ನು ಕನ್ನಡದಲ್ಲೇ ಬರೆದು ಮುಗಿಸಿ, ಒಳ್ಳೆಯ ಕೆಲಸದಲ್ಲಿರುವವರು ಬೇಕಾದಷ್ಟು ಮಂದಿ ಇದ್ದಾರೆ.

ಇನ್ನು ಆ ಸಂದರ್ಶನ. ‘ಬಡವರ ಸೇವೆ ಮಾಡುವ ಆಸೆ’ ಎಂಬ ಉತ್ತರ ಸುಳ್ಳಲ್ಲ, ನನಗೆ ಗೊತ್ತು. ಆದರೆ ಆಯ್ಕೆ ಸಮಿತಿಯಲ್ಲಿ ಕುಳಿತಾಗ ಬೆಳಗಿನಿಂದ ಸಂಜೆಯವರೆಗೆ ಅದೇ ಮಾತನ್ನು ಕೇಳಿದ್ದೇನೆ. ಅದು ಹೇಳಿದವರ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಇನ್ನೂ ಒಂದು ತೊಡಕಿದೆ. ಸೇವೆ ಬೇರೆ, ಸಮಾಜಕಾರ್ಯ ಬೇರೆ. ಹಸಿದವರಿಗೆ ಅನ್ನ ಕೊಡುವುದು ಸೇವೆ, ಅದು ದೊಡ್ಡದೇ. ಪಡಿತರ ಚೀಟಿ ಇದ್ದೂ ಆ ಮನೆಗೆ ಅಕ್ಕಿ ಏಕೆ ಬರುತ್ತಿಲ್ಲ ಎಂದು ಹುಡುಕುವುದು, ಆ ಮನೆಯವರೇ ನ್ಯಾಯಬೆಲೆ ಅಂಗಡಿಗೆ ಹೋಗಿ ಕೇಳುವ ಧೈರ್ಯ ತಂದುಕೊಳ್ಳುವಂತೆ ಜೊತೆಗೆ ನಿಲ್ಲುವುದು, ಕೊನೆಗೆ ನಿಮ್ಮ ಅಗತ್ಯವೇ ಇಲ್ಲದಂತಾಗುವುದು ಸಮಾಜಕಾರ್ಯ. ಅದಕ್ಕೆ ಪಠ್ಯವಿದೆ, ವಿಧಾನಗಳಿವೆ. ಒಬ್ಬ ವ್ಯಕ್ತಿಯ ಜೊತೆ ಕೆಲಸ, ಗುಂಪಿನ ಜೊತೆ ಕೆಲಸ, ಸಮುದಾಯ ಸಂಘಟನೆ ಎಂದು ಬೇರೆ ಬೇರೆಯಾಗಿ ಕಲಿಸುತ್ತಾರೆ. ವಾರಕ್ಕೆ ಸಾಮಾನ್ಯವಾಗಿ ಎರಡು ದಿನ ಕ್ಷೇತ್ರಕಾರ್ಯ ಇರುತ್ತದೆ, ಪ್ರತಿ ಭೇಟಿಯ ವರದಿಯನ್ನು ಬರೆದು ಮಾರ್ಗದರ್ಶಕರ ಮುಂದೆ ಇಡಬೇಕು.

ಈಗ ನಿಮ್ಮ ಎಣ್ಣೆಯ ಬಾಟಲಿಗೆ ಬರೋಣ. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಹೋಗದೆ ದಿನ ನಡೆಯದವರನ್ನೇ ಅದು ಹೆಚ್ಚಾಗಿ ಹಿಡಿಯುತ್ತದೆ: ದರಗು, ಸೌದೆ ತರುವವರು, ದನ ಮೇಯಿಸುವವರು. ಎಣ್ಣೆ ಹಂಚಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡರೆ ಲೆಕ್ಕ ಮುಗಿಯಿತು. ನೀವಿಬ್ಬರೂ ಅಲ್ಲಿಗೆ ನಿಲ್ಲಿಸಲಿಲ್ಲ. ಕೊಟ್ಟದ್ದು ಬಳಕೆಯಾಗುತ್ತಿಲ್ಲ ಎಂದು ಕಂಡಿರಿ. ಜನರನ್ನು ಬೈಯುವ ಬದಲು ಅವರ ಬೆಳಗು ಹೇಗೆ ಶುರುವಾಗುತ್ತದೆ ಎಂದು ನೋಡಿದಿರಿ, ನಿಮ್ಮ ಹೊತ್ತನ್ನು ಅವರ ಹೊತ್ತಿಗೆ ಹೊಂದಿಸಿಕೊಂಡಿರಿ. ಎರಡು ವರ್ಷ ಕೂರಿಸಿ ಕಲಿಸಿದರೂ ಕೆಲವರಿಗೆ ಬಾರದ ಬುದ್ಧಿ ಇದು. ಇದನ್ನು ‘ಲೆಕ್ಕಕ್ಕೆ ಬರುವುದಿಲ್ಲ ಅಲ್ಲವೇ’ ಎಂದು ಕೇಳುತ್ತೀರಲ್ಲ!

ಹಾಗಾದರೆ ಅರ್ಜಿಯ ಜೊತೆ ಕೊಡುವ ಹೇಳಿಕೆಯನ್ನು ಹೀಗೆ ಶುರು ಮಾಡಬಹುದು: ‘ನಮ್ಮ ಊರಿನಲ್ಲಿ ಉಣುಗಿನ ಎಣ್ಣೆ ಎಲ್ಲ ಮನೆಗಳಲ್ಲೂ ಇತ್ತು, ಹಚ್ಚಿಕೊಳ್ಳುವವರು ಕಡಿಮೆ. ಏಕೆಂದು ಕೇಳಿದಾಗ ಹೆಂಗಸರು ಹೇಳಿದ್ದು ಇಷ್ಟು...’ ಮುಂದಿನದನ್ನು ನಾನು ಬರೆಯಲಾರೆ, ಅವರು ಏನು ಹೇಳಿದರೆಂದು ಗೊತ್ತಿರುವುದು ನಿಮಗೆ. ವಾಸನೆ ಎಂದರೇ? ಸಮಯವಿಲ್ಲ ಎಂದರೇ? ನೀವು ಏನು ಮಾಡಿದಿರಿ, ಯಾರು ಒಪ್ಪಲೇ ಇಲ್ಲ, ಅವರ ವಿಷಯದಲ್ಲಿ ಎಲ್ಲಿ ಎಡವಿದಿರಿ, ಇವನ್ನೆಲ್ಲ ಬರೆಯಿರಿ. ಒಪ್ಪದವರ ಸಂಗತಿಯನ್ನು ಮುಚ್ಚಿಡಬೇಡಿ. ತನ್ನ ಸೋಲನ್ನು ಬಿಡಿಸಿ ನೋಡಬಲ್ಲವರೇ ಈ ಓದಿಗೆ ತಕ್ಕವರು. ಆಮೇಲೆ ‘ಇದನ್ನು ಇನ್ನೂ ಚೆನ್ನಾಗಿ ಮಾಡಲು ನನಗೆ ಇಂಥದ್ದು ಗೊತ್ತಿಲ್ಲ, ಅದನ್ನು ಕಲಿಯಲು ಬಂದಿದ್ದೇನೆ’ ಎನ್ನಿ. ‘ಏಕೆ’ ಎಂಬ ಅವರ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಇಂದಿನಿಂದಲೇ ಒಂದು ನೂರು ಹಾಳೆಯ ನೋಟುಪುಸ್ತಕ ಇಡಿ. ದಿನಾಂಕ, ಭೇಟಿ ಮಾಡಿದ ಮನೆಗಳು, ಕಂಡದ್ದು, ಕೇಳಿದ್ದು, ಮಾಡಿದ್ದು. ರೋಗಿಗಳ, ಮನೆಗಳ ಹೆಸರು ಬರೆಯಬೇಡಿ, ಅವರ ಗುಟ್ಟು ಕಾಯುವುದು ಈ ವೃತ್ತಿಯ ಮೊದಲ ಶಿಸ್ತು. ವೃದ್ಧಾಪ್ಯ ವೇತನದ ಅರ್ಜಿಗಳನ್ನೂ ಬರೆದಿಡಿ: ಎಷ್ಟು ಹಾಕಿಸಿದಿರಿ, ಎಷ್ಟು ಮಂಜೂರಾದವು, ವಾಪಸಾದವು ಯಾವ ಕಾರಣಕ್ಕೆ. ನಿಮ್ಮ ದಡದ ಹಳ್ಳಿಗಳಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರಿಗೆ ನೆಲ ಬಿಟ್ಟು ಎದ್ದು ಬಂದ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕಾಗಿ ಓಡಾಡುತ್ತಿವೆ. ಆ ಕಥೆಗಳನ್ನು ಕೇಳಿಕೊಂಡೇ ನೀವು ಬೆಳೆದಿರುತ್ತೀರಿ. ಈಗ ಅದೇ ಮನೆಗಳಿಗೆ ಹೋದಾಗ ಕಡತ ಯಾವ ಕಚೇರಿಯಲ್ಲಿ, ಏಕೆ ನಿಂತಿದೆ ಎಂದು ಕೇಳಿ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಬಳಿ ನೀವು ಮಾಡಿದ ಕೆಲಸದ ಬಗ್ಗೆ ಒಂದು ಪತ್ರ ಕೇಳಿ. ನಾಚಿಕೆ ಬೇಡ, ನೀವು ದುಡಿದಿದ್ದೀರಿ.

ನನ್ನ ಮನಸ್ಸಿನಲ್ಲಿ ಉಳಿದಿರುವ ಒಂದು ಸಂಗತಿ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ನಾನಿದ್ದ ಒಂದು ಸಮಿತಿಗೆ ಘಟ್ಟದ ಹಳ್ಳಿಯ ಹುಡುಗನೊಬ್ಬ ಬಂದಿದ್ದ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ತಡವರಿಸಿದ, ನಾವು ಬೇರೆಯವರನ್ನು ಆರಿಸಿದೆವು. ಕನ್ನಡದಲ್ಲಿ ಇನ್ನೊಮ್ಮೆ ಕೇಳೋಣ ಎಂದು ನಾನು ಅಂದು ಹೇಳಬೇಕಿತ್ತು, ಹೇಳಲಿಲ್ಲ. ಆದ್ದರಿಂದ ನಿಮಗೆ ಒತ್ತಿ ಹೇಳುತ್ತೇನೆ: ಮಾತು ತಡೆದಾಗ ‘ಕನ್ನಡದಲ್ಲಿ ಹೇಳಬಹುದೇ?’ ಎಂದು ನೀವೇ ಕೇಳಿ. ಒಳ್ಳೆಯ ಸಮಿತಿ ಒಪ್ಪುತ್ತದೆ.

ಮನೆಯವರ ಚಿಂತೆ ಸಣ್ಣದಲ್ಲ, ತೋಟ ಕೈಕೊಟ್ಟಾಗ ಯಾವ ತಂದೆಯೂ ಹಾಗೆಯೇ ಮಾತಾಡುತ್ತಾರೆ. ಅವರಿಗೆ ಕೆಲಸದ ಲೆಕ್ಕ ಹೇಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ದೊಡ್ಡ ಆಸ್ಪತ್ರೆಗಳು ಎಂಎಸ್‌ಡಬ್ಲ್ಯು ಆದವರನ್ನು ತೆಗೆದುಕೊಳ್ಳುತ್ತವೆ. 1948ರ ಕಾರ್ಖಾನೆ ಕಾಯ್ದೆ, 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತ್ತು. ಆ ಹುದ್ದೆಗಳಿಗೆ ಬಂದವರಲ್ಲಿ ಎಂಎಸ್‌ಡಬ್ಲ್ಯು ಓದಿದವರು ಬಹಳ. ಸರ್ಕಾರಿ ಯೋಜನೆಗಳ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು, ಇದನ್ನೂ ಮುಚ್ಚಿಡದೆ ಹೇಳಿ. ಖರ್ಚಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯ, ಅದು ಸಿಗದಿದ್ದರೆ ವಿದ್ಯಾಸಿರಿ ನೆರವು ಇದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣವನ್ನು ಮಾತ್ರ ಪೂರ್ತಿ ನಂಬಬೇಡಿ. ನಮ್ಮ ಕಡೆ ಎಷ್ಟೋ ಊರಿಗೆ ಬರುವುದು ಖಾಸಗಿ ಬಸ್ಸೊಂದೇ, ಕ್ಷೇತ್ರಕಾರ್ಯದ ದಿನಗಳ ಬಸ್ ಖರ್ಚನ್ನು ಮೊದಲೇ ಎತ್ತಿಡಿ.

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ ನಾನು. 38 ವರ್ಷ. ಮೂರು ವರ್ಷದ ಬಿ.ಎ. ಆಗಿದೆ. ಎರಡು ಕಾಲೇಜುಗಳಲ್ಲಿ ಎಂಎಸ್‌ಡಬ್ಲ್ಯು ಸೀಟು ಸಿಗಲಿಲ್ಲ. ಒಬ್ಬರು ‘ಒಂದೇ ವರ್ಷದಲ್ಲಿ, ಮನೆಯಲ್ಲೇ ಕುಳಿತು, ಕ್ಷೇತ್ರಕಾರ್ಯವಿಲ್ಲದೆ’ ಹೊರರಾಜ್ಯದ ಪದವಿ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಸೇರಲೇ?

ಉತ್ತರ: ಸೇರಬೇಡಿ. ಮೂರು ವರ್ಷದ ಪದವಿಯ ಮೇಲೆ ಎಂಎಸ್‌ಡಬ್ಲ್ಯು ಎಂದರೆ ಎರಡು ವರ್ಷದ ಓದು. ಕ್ಷೇತ್ರಕಾರ್ಯವಿಲ್ಲದ ಎಂಎಸ್‌ಡಬ್ಲ್ಯು ಎಂಬುದು ಇಲ್ಲವೇ ಇಲ್ಲ. ಕೆಲಸ ಬಿಡದೆ ಓದಬೇಕೆಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣ ಇದೆ. ಯಾವುದೇ ಪದವಿ ಆಗಿದ್ದರೆ ಸಾಕು, ನಿಮ್ಮ ವಯಸ್ಸು ಅಡ್ಡಬರುವುದಿಲ್ಲ. ಕನಿಷ್ಠ ಎರಡು, ಗರಿಷ್ಠ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಅಲ್ಲಿಯೂ ಕ್ಷೇತ್ರಕಾರ್ಯ ಕಡ್ಡಾಯ. ಪಾಠಗಳು ಇಂಗ್ಲಿಷ್, ಹಿಂದಿಯಲ್ಲಿರುತ್ತವೆ ಎಂಬುದು ನೆನಪಿರಲಿ. ಬೇರೆ ಯಾವ ದೂರಶಿಕ್ಷಣ ಸಂಸ್ಥೆಯ ಹೆಸರು ಬಂದರೂ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಮಾನ್ಯತಾ ಪಟ್ಟಿಯಲ್ಲಿ ಆ ಸಂಸ್ಥೆ ಮತ್ತು ಆ ಕೋರ್ಸ್ ಎರಡೂ ಇವೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಮೂಲ ಅಂಕಪಟ್ಟಿಗಳನ್ನು ಆ ವ್ಯಕ್ತಿಯ ಕೈಗೆ ಈಗಾಗಲೇ ಕೊಟ್ಟಿದ್ದರೆ, ಉಳಿದ ಯೋಚನೆಗಳೆಲ್ಲ ಆಮೇಲೆ, ಈ ವಾರವೇ ಹೋಗಿ ವಾಪಸು ತನ್ನಿ.