ರಾಜೀನಾಮೆ ಪತ್ರಕ್ಕೆ ಈಗಲೇ ಸಹಿ ಹಾಕಬೇಡಿ

ಸರ್, ಹೂಟಗಳ್ಳಿಯ ನಿಮ್ಮ ಫ್ಯಾಕ್ಟರಿ ಲಾಸ್ ಅಂತ ಮುಚ್ಚುತ್ತಿದೆ, 11 ವರ್ಷ ಸರ್ವಿಸ್ ಇದೆ, ಈಗ ರಿಸೈನ್ ಮಾಡಿದರೆ ಕಾಂಟ್ರಾಕ್ಟರ್ ಕಡೆಯಿಂದ ಇನ್ನೊಂದು ಯೂನಿಟ್‌ಗೆ ಸೇರಿಸುತ್ತೇವೆ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಸಹಿ ಮಾತ್ರ ಹಾಕಬೇಡಿ.

ನೀವೇ ಬಿಟ್ಟರೆ ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದಿದ್ದಕ್ಕೆ ಕೆಲಸ ಬಿಡುವಾಗ ಕೊಡುವ ಇಡುಗಂಟು) ಸಿಗುತ್ತದೆ, ಆದರೆ ಮುಚ್ಚಿದ್ದಕ್ಕೆ ಕೊಡಬೇಕಾದ ಪರಿಹಾರ ಕೈತಪ್ಪುತ್ತದೆ. ಅವರಿಗೆ ಬೇಕಿರುವುದೂ ಅದೇ ಅಲ್ವಾ? ಕಂಪನಿಯೇ ಮುಚ್ಚಿದರೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸಂಬಳ. ನಿಮಗೆ ಅದು 165 ದಿನದ್ದು. ಮಾಲೀಕರ ಕೈಮೀರಿದ ಕಾರಣವಿದ್ದರೆ ಇದನ್ನು ಮೂರು ತಿಂಗಳ ಸಂಬಳಕ್ಕೆ ಇಳಿಸಬಹುದು, ನಿಜ. ಆದರೆ ಬರೀ ಲಾಸ್ ಆಗಿದೆ, ಮಾಲು ಖಾಲಿಯಾಗಿಲ್ಲ ಅನ್ನೋದು ಕಾನೂನಿನ ಮುಂದೆ ನಡೆಯಲ್ಲ.

ಗ್ರಾಚ್ಯುಟಿ ಬೇರೆ ಲೆಕ್ಕ. ತಿಂಗಳಿಗೆ ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 18,000 ಅಂದುಕೊಳ್ಳಿ. 26ರಿಂದ ಭಾಗಿಸಿ, 15ರಿಂದಲೂ 11ರಿಂದಲೂ ಗುಣಿಸಿದರೆ ಸುಮಾರು 1,14,000. ಎರಡನ್ನೂ ಒಂದೇ ಚೆಕ್‌ನಲ್ಲಿ ‘ಸೆಟಲ್‌ಮೆಂಟ್’ ಅಂತ ಸುಮ್ನೆ ಕೊಟ್ಟರೆ, ಯಾವುದಕ್ಕೆ ಎಷ್ಟು ಅಂತ ಬರೆಸಿಕೊಳ್ಳಿ.

ಪೇಸ್ಲಿಪ್‌ನಲ್ಲಿ ‘ಸೂಪರ್‌ವೈಸರ್’ ಅಂತ ಇದೆ ಅಂದಿರಿ. ಮುಚ್ಚಿದ್ದಕ್ಕೆ ಕೊಡುವ ಪರಿಹಾರ ಕಾನೂನಿನಲ್ಲಿ ‘ಕಾರ್ಮಿಕ’ ಅನ್ನಿಸಿಕೊಂಡವರಿಗೆ; ಅದಕ್ಕೆ ಹುದ್ದೆಯ ಹೆಸರಿಗಿಂತ ನೀವು ದಿನಾ ಮಾಡುವ ಕೆಲಸ ಏನು ಅನ್ನೋದು ಮುಖ್ಯ. ಮೆಷಿನ್ ಮುಂದೆ ನಿಲ್ಲುವವರಾದರೆ ಶಿಫ್ಟ್ ಚಾರ್ಟ್ ಫೋಟೋ ತೆಗೆದಿಟ್ಟುಕೊಳ್ಳಿ.

ಕಾಂಟ್ರಾಕ್ಟರ್ ಕೆಳಗೆ ಹೋದರೆ ಸರ್ವಿಸ್ ಮತ್ತೆ ಸೊನ್ನೆಯಿಂದ. ಒತ್ತಾಯ ಜಾಸ್ತಿಯಾದರೆ ‘ರಾಜೀನಾಮೆ ಕೊಡಲು ಇಷ್ಟವಿಲ್ಲ, ಕೆಲಸಕ್ಕೆ ಸಿದ್ಧನಿದ್ದೇನೆ’ ಅಂತ ಎರಡು ಸಾಲು ಬರೆದು ಸ್ಪೀಡ್ ಪೋಸ್ಟ್ ಮಾಡಿ, ಒಂದು ಪ್ರತಿಯನ್ನು ಮೈಸೂರಿನ ಕಾರ್ಮಿಕ ಇಲಾಖೆ ಕಚೇರಿಗೂ ಕೊಡಿ. ಪೋಸ್ಟ್ ರಸೀದಿ ಜೋಪಾನ.