ಪ್ರತಿಕ್ರಿಯೆ: ಎಲ್ಫ್ ಫೈಟರ್‌ಗೆ ಲಾಂಗ್‌ಸೋರ್ಡ್, ಚೈನ್ ಮೇಲ್ ಸರಿಯೇ?

ದಾಳ ಉರುಳಿಸಿ ಪಾತ್ರ ವಹಿಸೋ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮದಲ್ಲಿ ಮೊದಲ ಲೆವೆಲ್‌ನ ವುಡ್ ಎಲ್ಫ್ (ಕಾಡಿನ ಎಲ್ಫ್) ಫೈಟರ್, ಸ್ಟ್ರೆಂತ್ (ಬಲ) 10, ಡೆಕ್ಸ್ಟೆರಿಟಿ (ಚುರುಕುತನ) 17, ಕೈಯಲ್ಲಿ ಲಾಂಗ್‌ಸೋರ್ಡ್, ಏಟು ಯಾಕೆ ತಪ್ಪುತ್ತೆ ಅಂತ ಕೇಳಿದ್ದೀರಿ. ಲಾಂಗ್‌ಸೋರ್ಡ್ ಬೀಸೋದು ಸ್ಟ್ರೆಂತ್ ಮೇಲೆ. ಎಲ್ಫ್‌ಗೆ ಅದರ ತರಬೇತಿ ಹುಟ್ಟಿನಿಂದಲೇ ಇದ್ದರೂ ಏಟು ತಾಗುತ್ತಾ ಅಂತ ನೋಡೋ ದಾಳಕ್ಕೆ ನಿಮಗೆ ಸಿಗೋದು +2 ಮಾತ್ರ. 25 ಗೋಲ್ಡ್ ಕೊಟ್ಟು ರೇಪಿಯರ್ (ತೆಳು ಕತ್ತಿ) ತಗೊಳ್ಳಿ: ಅದೇ 1ಡಿ8 (ಎಂಟು ಮುಖದ ಒಂದು ದಾಳ) ಪೆಟ್ಟು, ಆದರೆ ಡೆಕ್ಸ್ಟೆರಿಟಿ ಲೆಕ್ಕಕ್ಕೆ ಬಂದು +5.

ಚೈನ್ ಮೇಲ್ (ಲೋಹದ ಬಳೆ ಹೆಣೆದ ಕವಚ) ಇನ್ನೂ ದೊಡ್ಡ ತಪ್ಪು. ಅದು ಸ್ಟ್ರೆಂತ್ 13 ಕೇಳುತ್ತೆ. ಇಲ್ಲದಿದ್ದರೆ ನಡಿಗೆ 35 ಅಡಿಯಿಂದ 25ಕ್ಕೆ ಇಳಿಯುತ್ತೆ, ಅಡಗೋಕೂ ಡಿಸ್‌ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ಕಮ್ಮಿ ಬಂದದ್ದೇ ಲೆಕ್ಕ). ಎಲೆ ಮರೆಯಲ್ಲಿ ಅಡಗಬಲ್ಲ ವುಡ್ ಎಲ್ಫ್‌ಗೆ ಝಣಝಣ ಕವಚ ಯಾಕೆ ಹೇಳಿ? ಸ್ಟಡೆಡ್ ಲೆದರ್ ಅನ್ನೋ ಚರ್ಮದ ಕವಚ (45 ಗೋಲ್ಡ್) ಹಾಕಿದರೆ ಎಸಿ (ಏಟಿನಿಂದ ರಕ್ಷಣೆಯ ಅಂಕ) 15, ಚೈನ್ ಮೇಲ್‌ಗಿಂತ ಒಂದೇ ಕಮ್ಮಿ.

ನಿಜವಾದ ಆಯುಧ ಲಾಂಗ್‌ಬೋ (ಉದ್ದ ಬಿಲ್ಲು). ಫೈಟರ್‌ಗೆ ಸಿಗೋ ಕಾಳಗದ ಶೈಲಿಗಳಲ್ಲಿ ಆರ್ಚರಿ ಸ್ಟೈಲ್ ಆರಿಸಿಕೊಂಡರೆ ಏಟಿನ ದಾಳಕ್ಕೆ +7, 150 ಅಡಿವರೆಗೆ ಸಲೀಸು. ಅದರಾಚೆ 600 ಅಡಿವರೆಗೆ ಡಿಸ್‌ಅಡ್ವಾಂಟೇಜ್. ಶತ್ರು 5 ಅಡಿ ಒಳಗೆ ಬಂದರೂ ಅದೇ ಗತಿ, ಆಗ ರೇಪಿಯರ್‌ಗೆ ಕೈಹಾಕಿ. ಬಾಣ 20 ಸಾಲದು, 40 ಇಟ್ಟುಕೊಳ್ಳಿ. ಕಾಳಗ ಮುಗಿದ ಮೇಲೆ ಒಂದು ನಿಮಿಷ ಹುಡುಕಿದರೆ ಬಿಟ್ಟ ಬಾಣಗಳಲ್ಲಿ ಅರ್ಧ ವಾಪಸ್ ಸಿಗುತ್ತೆ. ಆಟ ನಡೆಸೋ ಡಿಎಂಗೆ (ಡಂಜನ್ ಮಾಸ್ಟರ್) ನೆನಪಿಸಿ, ಬಹಳ ಜನ ಮರೆತೇಬಿಡ್ತಾರೆ.